ದೀಪದ ಕೋಣೆಯ ಲೆಕ್ಕ

ರಾತ್ರಿಯ ಊಟವಾಗಿ, ಅಡಿಗೆಯ ಮನೆಯನ್ನು ಸಾರಿಸಿ, ಹಾಲಿಗೆ ಹೆಪ್ಪು ಹಾಕಿದ ತರುವಾಯ ಗೃಹಿಣಿಗೆ ಮಲಗುವುದೊಂದನ್ನು ಬಿಟ್ಟು ಬೇರೆ ಕೆಲಸವಿರುವುದಿಲ್ಲವೆಂದು ಲೋಕದವರ ಎಣಿಕೆ. ನನಗಾದರೋ ಆ ಮೇಲೂ ಒಂದು ಕೆಲಸವುಂಟು. ನಡುಮನೆಯ ಗೋಡೆಯ ಗೂಡಿನಲ್ಲಿರುವ ಮರದ ಪೆಟ್ಟಿಗೆಯನ್ನು ತೆರೆದು, ಅದರೊಳಗಿನ ಬ್ಯಾಟರಿಗಳನ್ನು ಎಣಿಸಿ, ಯಾವುದು ದಣಿದು ಬಂದಿದೆ, ಯಾವುದು ದುಡಿಯದೆ ಕುಳಿತಿದೆ ಎಂಬುದನ್ನು ನೋಡಿ, ಒಂದು ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟ ಹೊರತು ನನಗೆ ನಿದ್ರೆ ಬರುವುದಿಲ್ಲ. ನಮ್ಮ ಯಜಮಾನರು ಬಂಗಾರಪೇಟೆಯಲ್ಲಿ ಮದುವೆ, ಗೃಹಪ್ರವೇಶ, ಜಾತ್ರೆ, ಶಾಲೆಯ ವಾರ್ಷಿಕೋತ್ಸವ ಮೊದಲಾದುವುಗಳ ವೀಡಿಯೋ ಚಿತ್ರ ತೆಗೆಯುವ ವೃತ್ತಿಯವರು. ಕ್ಯಾಮರಾ ಅವರದು; ಬ್ಯಾಟರಿ ನನ್ನದು. ಈ ಪಾಲುಪಾರಿಕತ್ತು ನಮ್ಮಲ್ಲಿ ಹೇಗೆ ಏರ್ಪಟ್ಟಿತೆಂಬುದನ್ನು ಹೇಳಬೇಕೆಂದು ಬಹುಕಾಲದಿಂದ ನನ್ನ ಮನಸ್ಸಿನಲ್ಲಿದ್ದಿತು.

ಯಂತ್ರದ ಮಾತಿಗೆ ಸಂಸಾರಸ್ಥರ ಪತ್ರಿಕೆಯಲ್ಲಿ ಎಡೆಯುಂಟೆ ಎಂದು ಕೆಲವರು ಹುಬ್ಬೇರಿಸಬಹುದು. ಬ್ಯಾಟರಿಯಿಲ್ಲದ ಮನೆ ಈಗ ಯಾವುದಿದೆ? ಸೊಸೆಯ ಕೈಯ ಫೋನಿನಲ್ಲಿ ಒಂದು, ಮಾವನವರ ಟಾರ್ಚಿನಲ್ಲಿ ಒಂದು, ಕರೆಂಟು ಹೋದಾಗ ದೀಪವುರಿಸುವ ಇನ್‌ವರ್ಟರಿನಲ್ಲಿ ಒಂದು, ಈಚೆಗೆ ಬಾಗಿಲಲ್ಲಿ ನಿಲ್ಲುವ ಸ್ಕೂಟರಿನ ಸೀಟಿನಡಿಯಲ್ಲಿ ಇನ್ನೊಂದು. ಇವುಗಳಲ್ಲಿ ಯಾವುದನ್ನು ಹೇಗೆ ಸಾಕಬೇಕೆಂಬುದನ್ನು ಮಾತ್ರ ನಮಗೆ ಯಾರೂ ಕಲಿಸಿಕೊಟ್ಟಿಲ್ಲ. ಒಂದನ್ನು ಸಾಕಿದಂತೆಯೇ ಇನ್ನೊಂದನ್ನೂ ಸಾಕಿ ಕೊಲ್ಲುತ್ತೇವೆ. ನಾವೂ ಹಾಗೆಯೇ ಕೊಂದವರು.

ನನ್ನ ತವರು ಕೋಲಾರದ ಚಿನ್ನದ ಗಣಿ. ನಮ್ಮ ತಂದೆಯವರು ೧೯೬೪ರಲ್ಲಿ, ತಮ್ಮ ಇಪ್ಪತ್ತನೆಯ ವಯಸ್ಸಿನಲ್ಲಿ, ಚಾಂಪಿಯನ್ ರೀಫಿನ ದೀಪದ ಕೋಣೆಯಲ್ಲಿ ಕೆಲಸಕ್ಕೆ ಸೇರಿದರು. ಜನರೆಲ್ಲ ಅದನ್ನು ಲ್ಯಾಂಪ್ ರೂಮ್ ಎನ್ನುತ್ತಿದ್ದರು. ಮನೆಯಲ್ಲಿ ನಮ್ಮ ತಾಯಿಯವರ ಬಾಯಲ್ಲಿ ಮಾತ್ರ ಅದು ದೀಪದ ಕೋಣೆ. ಭೂಮಿಯೊಳಗೆ ಇಳಿಯುವ ಪ್ರತಿಯೊಬ್ಬನಿಗೂ ತಲೆಯ ಟೋಪಿಗೆ ಸಿಕ್ಕಿಸುವ ಒಂದು ದೀಪ, ಸೊಂಟದ ಪಟ್ಟಿಗೆ ಕಟ್ಟುವ ಎರಡು ಕಿಲೋಗಿಂತ ಹೆಚ್ಚು ತೂಕದ ಒಂದು ಬ್ಯಾಟರಿ, ಇವೆರಡನ್ನೂ ಕೂಡಿಸುವ ಒಂದು ಕೇಬಲ್ಲು, ಇಷ್ಟನ್ನು ಈ ಕೋಣೆಯಿಂದ ಕೊಡುತ್ತಿದ್ದರು. ಬ್ಯಾಟರಿಯು ಸೀಸ ಮತ್ತು ಗಂಧಕಾಮ್ಲದ್ದು. ಎರಡೆರಡು ವೋಲ್ಟಿನ ಎರಡು ಮನೆಗಳು ಕೂಡಿ ನಾಲ್ಕು ವೋಲ್ಟು. ಪಾಳಿ ಮುಗಿದು ಹಿಂದಿರುಗಿದ ದೀಪವನ್ನು ಒರಸಿ ಚಾರ್ಜಿಗೆ ಹಚ್ಚುವುದು, ನೀರು ಕಡಮೆಯಾದುದಕ್ಕೆ ಭಟ್ಟಿಯಿಳಿಸಿದ ನೀರನ್ನು ತುಂಬುವುದು, ಬಲ್ಬಿನ ಎರಡು ತಂತುಗಳೂ ಉರಿಯುವುವೇ ಎಂದು ನೋಡುವುದು ತಂದೆಯವರ ಕೆಲಸ. ಆಮ್ಲದ ಹನಿ ಬಿದ್ದು ಅವರ ಅಂಗಿಗಳೆಲ್ಲ ಜರಡಿಯಂತಾಗಿದ್ದುವು. ಚಾರ್ಜಾಗುವಾಗ ಬ್ಯಾಟರಿಯಿಂದ ಹೊತ್ತಿಕೊಳ್ಳುವ ಅನಿಲ ಹೊರಡುವುದರಿಂದ ಅಲ್ಲಿ ಬೀಡಿ ಸೇದಕೂಡದು. ಈ ಒಂದು ಕಟ್ಟಳೆಯಿಂದ ನಮ್ಮ ತಂದೆಯವರಿಗೆ ಆ ಚಟ ಅಂಟಲಿಲ್ಲವೆಂದು ತಾಯಿಯವರು ದೇವರಿಗೂ ಕಂಪೆನಿಗೂ ಒಟ್ಟಿಗೆ ಕೈ ಮುಗಿಯುತ್ತಿದ್ದರು.

ಪ್ರತಿ ದೀಪಕ್ಕೂ ಒಂದು ನಂಬರು. ಒಬ್ಬನಿಗೆ ಒಂದೇ ನಂಬರು. ದೀಪವು ಹಿಂದಿರುಗಿದರೆ ಮನುಷ್ಯನು ಮೇಲೆ ಬಂದಿದ್ದಾನೆಂದು ಅರ್ಥ. ಗೂಡು ಖಾಲಿಯಿದ್ದರೆ ಅವನು ಇನ್ನೂ ಕೆಳಗಿದ್ದಾನೆ. ಚಾಂಪಿಯನ್ ರೀಫಿನ ಗಣಿಯು ೩,೦೦೦ ಮೀಟರಿಗಿಂತಲೂ ಆಳಕ್ಕೆ ಇಳಿದಿದ್ದಿತು. ಅಷ್ಟು ಆಳದಲ್ಲಿ ಬಂಡೆಯು ಮೇಲಿನ ಭಾರವನ್ನು ತಾಳದೆ ಒಮ್ಮೊಮ್ಮೆ ಸಿಡಿಯುತ್ತಿದ್ದಿತು. ಸಿಡಿದಾಗ ಮೇಲಿನ ಮನೆಗಳಲ್ಲಿ ಪಾತ್ರೆಗಳು ಅಲುಗುತ್ತಿದ್ದುವು. ನಾವು ಮಕ್ಕಳು ಆಟವನ್ನು ನಿಲ್ಲಿಸಿ ದೊಡ್ಡವರ ಮುಖವನ್ನು ನೋಡುತ್ತಿದ್ದೆವು. ನನಗೆ ಏಳೆಂಟು ವರ್ಷವಿದ್ದಾಗ ಅಂಥದೊಂದು ರಾತ್ರಿ ತಂದೆಯವರು ಪಾಳಿ ಮುಗಿದರೂ ಮನೆಗೆ ಬರಲಿಲ್ಲ. ಎರಡು ಗೂಡುಗಳು ಖಾಲಿಯಿದ್ದುವಂತೆ. ಬೆಳಗಿನ ಜಾವಕ್ಕೆ ಒಂದು ದೀಪವು ತನ್ನ ಯಜಮಾನನ ಸೊಂಟದಲ್ಲಿಯೇ ಬಂದಿತು. ಇನ್ನೊಂದನ್ನು ಬೇರೊಬ್ಬನು ಕೈಯಲ್ಲಿ ಹಿಡಿದು ತಂದುಕೊಟ್ಟನು. ತಂದೆಯವರು ಅದನ್ನೂ ಒರಸಿ ಚಾರ್ಜಿಗೆ ಹಚ್ಚಿಯೇ ಮನೆಗೆ ಬಂದರು. “ದೀಪ ಏನು ಮಾಡಿತು, ಅದನ್ನು ಹಸಿದಿರಿಸಬಾರದು” ಎಂದು ಅವರು ತಾಯಿಯವರಿಗೆ ಹೇಳಿದುದನ್ನು ನಾನು ಹಾಸಿಗೆಯಲ್ಲಿ ಮಲಗಿ ಕೇಳಿದೆನು.

ಅದು ದುಃಖದ ಮಾತಷ್ಟೇ ಅಲ್ಲ, ಶಾಸ್ತ್ರದ ಮಾತೂ ಹೌದು. ಸೀಸದ ಬ್ಯಾಟರಿಯನ್ನು ಖಾಲಿಯಾದ ಮೇಲೆ ಹಾಗೆಯೇ ಇಟ್ಟರೆ ಒಳಗಿನ ಸೀಸದ ಹಲಗೆಗಳ ಮೇಲೆ ಬಿಳಿಯ ಲವಣವು ಕಟ್ಟಿ ಗಟ್ಟಿಯಾಗುತ್ತದೆ. ಅನಂತರ ಎಷ್ಟು ಚಾರ್ಜು ಕೊಟ್ಟರೂ ಅದು ಕರಗದು. ಆದುದರಿಂದ ಬಂದ ಕೂಡಲೆ ಉಣಬಡಿಸು, ಹೊಟ್ಟೆ ತುಂಬಿಸಿ ಇಡು: ಇದು ದೀಪದ ಕೋಣೆಯ ಮೊದಲ ಪಾಠ.

ಶಿವನಸಮುದ್ರದ ಕಾವೇರಿಯಿಂದ ೧೯೦೨ರಲ್ಲಿ ಸುಮಾರು ೧೪೭ ಕಿಲೋಮೀಟರು ದೂರ ತಂತಿಯೆಳೆದು ವಿದ್ಯುಚ್ಛಕ್ತಿಯನ್ನು ತಂದುದು ಈ ಗಣಿಗಳಿಗೇ. ಬೆಂಗಳೂರಿನ ಬೀದಿಗಳಿಗೆ ಆ ಬೆಳಕು ಬಂದುದು ಮೂರು ವರ್ಷ ತಡವಾಗಿ, ೧೯೦೫ರಲ್ಲಿ. ನಮ್ಮ ಊರಿನವರಿಗೆ ಈ ವಿಷಯದಲ್ಲಿ ಸ್ವಲ್ಪ ಜಂಬವುಂಟು. ಆದರೆ ಎಷ್ಟು ದೂರದ ತಂತಿಯಾದರೂ ಒಂದು ಕಡೆ ಮುಗಿಯಲೇಬೇಕಷ್ಟೆ. ಅಲ್ಲಿಂದ ಮುಂದೆ ಕತ್ತಲೊಳಗೆ ನಡೆಯುವವನು ತನ್ನ ಬೆಳಕನ್ನು ಸೊಂಟಕ್ಕೆ ಕಟ್ಟಿಕೊಂಡೇ ಹೋಗಬೇಕು. ಮದುವೆಯ ಮಂಟಪದಲ್ಲಿ ಕ್ಯಾಮರಾ ಹೊತ್ತು ನಿಂತವನ ಸ್ಥಿತಿಯೂ ಇದೇ ಎಂಬುದು ನನಗೆ ತಿಳಿದದ್ದು ಬಂಗಾರಪೇಟೆಗೆ ಬಂದ ಮೇಲೆ.

೧೯೯೩ರಲ್ಲಿ ನನ್ನ ಮದುವೆಯಾಯಿತು. ಮಾರಿಕುಪ್ಪಂ, ಚಾಂಪಿಯನ್, ಊರಗಾಂ, ಕೋರಮಂಡಲ್ ಎಂದು ಒಂದೊಂದಾಗಿ ನಿಲ್ದಾಣಗಳನ್ನು ದಾಟಿ ಬರುವ ರೈಲಿನಲ್ಲಿ ಒಂದು ಗಂಟೆಯೂ ಹಿಡಿಯದ ದಾರಿ. ಆದರೂ ತಾಯಿಯವರು ಸಮುದ್ರ ದಾಟುವವಳಿಗೆ ಅಳುವಂತೆ ಅತ್ತರು. ಆಗ್ಗೆ ನಮ್ಮ ಯಜಮಾನರಲ್ಲಿ ಹೆಗಲ ಮೇಲೆ ಹೊರುವ ದೊಡ್ಡ ವಿ.ಎಚ್.ಎಸ್. ಕ್ಯಾಮರಾ ಇದ್ದಿತು. ಅದರ ಹಿಂಭಾಗಕ್ಕೆ ಇಟ್ಟಿಗೆಯ ತುಂಡಿನಂಥ ೧೨ ವೋಲ್ಟಿನ ಬ್ಯಾಟರಿ. ಮೊದಲ ಸಲ ಅದನ್ನು ಕೈಗೆತ್ತಿಕೊಂಡಾಗಲೇ ಆ ಭಾರ ನನಗೆ ಪರಿಚಯವಾದದ್ದೆನ್ನಿಸಿತು. ವಿಚಾರಿಸಿದರೆ ಅದೂ ಸೀಸದ್ದೇ, ಮುಚ್ಚಳವನ್ನು ಬೆಸೆದುದರಿಂದ ನೀರು ಹಾಕುವ ಗೋಜಿಲ್ಲ, ಅಷ್ಟೆ. ಹೊಸದಾಗಿದ್ದಾಗ ಒಂದೂವರೆ ಗಂಟೆ ನಡೆಯುತ್ತಿದ್ದಿತು. ನಾನು ತವರಿನ ಅಭ್ಯಾಸದಂತೆ, ಅವರು ಎಷ್ಟು ಹೊತ್ತಿಗೆ ಬಂದರೂ ಎದ್ದು ಅದನ್ನು ಚಾರ್ಜಿಗೆ ಹಚ್ಚುತ್ತಿದ್ದೆನು. ನಾಲ್ಕು ವರ್ಷ ಯಾವ ತೊಂದರೆಯೂ ಆಗಲಿಲ್ಲ.

ತೊಂದರೆ ಬಂದದ್ದು ತಿಳಿವಳಿಕೆಯ ರೂಪದಲ್ಲಿ. ೧೯೯೭ರಲ್ಲಿ ಯಜಮಾನರು ಎರಡನೆಯದಾಗಿ ಒಂದು ಸಣ್ಣ ಕೈ ಕ್ಯಾಮರಾವನ್ನು ಕೊಂಡರು. ಅದರ ಬ್ಯಾಟರಿ ೬ ವೋಲ್ಟಿನದು, ನಿಕ್ಕಲ್ ಮತ್ತು ಕ್ಯಾಡ್ಮಿಯಂ ಲೋಹಗಳದ್ದು. ಅದನ್ನು ಮಾರಿದವನು, “ಸ್ವಾಮಿ, ಅರ್ಧ ಉಳಿದಿರುವಾಗ ಚಾರ್ಜು ಮಾಡಬೇಡಿ, ಪೂರಾ ಖಾಲಿ ಮಾಡಿ ಮಾಡಿ. ಇಲ್ಲವಾದರೆ ಅದಕ್ಕೆ ಅರ್ಧದ ನೆನಪು ಉಳಿದು ಅಲ್ಲಿಗೇ ನಿಲ್ಲುತ್ತದೆ” ಎಂದು ಹೇಳಿದನು. ಆ ಜಾತಿಯ ಬ್ಯಾಟರಿಯ ಮಟ್ಟಿಗೆ ಅವನು ಹೇಳಿದುದು ಬಹುಮಟ್ಟಿಗೆ ಸರಿಯೇ. ಆಗಾಗ ಅದನ್ನು ಇಳಿಸಿ ತುಂಬಿದರೆ ಅದು ಚೇತರಿಸಿಕೊಳ್ಳುವುದುಂಟು; ಅದರಲ್ಲಿಯೂ ತೀರ ಹಿಂಡಬಾರದು. ಆದರೆ ನಮ್ಮ ಯಜಮಾನರು ಈ ಉಪದೇಶವನ್ನು ದೊಡ್ಡ ಕ್ಯಾಮರಾಕ್ಕೂ ಅನ್ವಯಿಸಿದರು. ಸೀಸದ ಬ್ಯಾಟರಿಗಳಿಗೆ ಕಾರಿನ ಬಲ್ಬು ಕಟ್ಟಿ, ಅದು ಕೆಂಪಗಾಗಿ ಆರುವವರೆಗೆ ಉರಿಸಿ, ಮುಂದಿನ ಮದುವೆ ಬರುವವರೆಗೆ ಹಾಗೆಯೇ ಅಟ್ಟದ ಮೇಲಿಡುವುದು ಆರಂಭವಾಯಿತು. “ನಿಮ್ಮ ಅಪ್ಪನವರ ಕಾಲದ್ದು ಬೇರೆ, ಇದು ಹೊಸ ಶಾಸ್ತ್ರ” ಎಂದರು. ಹೊಸತಾಗಿ ಬಂದ ಸೊಸೆಯಲ್ಲದಿದ್ದರೂ ನಾನು ವಾದಿಸಲಿಲ್ಲ. ವಾದಿಸಬೇಕಾಗಿದ್ದಿತು.

೧೯೯೮ರ ವೈಶಾಖದಲ್ಲಿ ಚಾಂಪಿಯನ್ ರೀಫಿನ ಒಂದು ಮನೆಯ ಮದುವೆಯ ಕೆಲಸ ಬಂದಿತು. ಹೆಣ್ಣಿನ ತಂದೆಯವರು ನಮ್ಮ ತಂದೆಯವರ ಸ್ನೇಹಿತರು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅವರ ದೀಪವನ್ನು ನಮ್ಮ ತಂದೆಯವರೇ ಒರಸಿ ಕೊಟ್ಟಿದ್ದರು. ಗಣಿಯ ಧೂಳಿನಿಂದ ಅವರ ಎದೆ ಆಗಲೇ ಕೆಟ್ಟಿದ್ದಿತು. ನಾಲ್ಕು ಮಾತಾಡಿದರೆ ಉಬ್ಬಸ. ಅಂಥವರು ಅಂದು ರೇಷ್ಮೆಯ ಪಂಚೆಯುಟ್ಟು, ಪುರೋಹಿತರು ಹೇಳಿಕೊಟ್ಟ ಸಂಕಲ್ಪವನ್ನು ಗಂಟಲು ಕಟ್ಟಿದರೂ ಬಿಡದೆ ಒಂದೊಂದೇ ಪದವಾಗಿ ಹೇಳುತ್ತಿದ್ದರು. ಅಷ್ಟರಲ್ಲಿ ಛತ್ರದ ಕರೆಂಟು ಹೋಯಿತು. ಗೋಡೆಯ ತಂತಿಯಿಂದ ನಡೆಯುತ್ತಿದ್ದ ಕ್ಯಾಮರಾವನ್ನು ಯಜಮಾನರು ಕೂಡಲೆ ಬ್ಯಾಟರಿಗೆ ಬದಲಿಸಿದರು. ಬ್ಯಾಟರಿ ತುಂಬಿದೆಯೆಂದು ಗುರುತು ತೋರಿಸಿತು. ಅವರು ಚೊಂಬನ್ನು ಎತ್ತಿದರು. ಕ್ಯಾಮರಾದೊಳಗೆ ಕೆಂಪು ದೀಪ ಮಿನುಗಿತು, ನಿಂತಿತು. ಎರಡನೆಯ ಬ್ಯಾಟರಿಯನ್ನು ಹಾಕಿದರು. ಒಂದು ನಿಮಿಷವೂ ಉಳಿಯಲಿಲ್ಲ. ಜನರೇಟರು ಗುಡುಗಿ ಬೆಳಕು ಬರುವ ವೇಳೆಗೆ ಧಾರೆಯೂ ಮಾಂಗಲ್ಯಧಾರಣೆಯೂ ಮುಗಿದು ಅಕ್ಷತೆಯ ಕಾಳುಗಳು ನೆಲದ ಮೇಲಿದ್ದುವು.

ಆ ಮನೆಯವರು ನಮಗೆ ಒಂದು ಕಟುವಾದ ಮಾತನ್ನೂ ಆಡಲಿಲ್ಲ. ಫೋಟೋ ಇದೆಯಲ್ಲ, ಬಿಡಿ ಎಂದರು. ಮುಂದಿನ ವರ್ಷ ಆ ಹಿರಿಯರು ತೀರಿಕೊಂಡರು. ತಮ್ಮ ದನಿಯನ್ನು ಅವರು ಯಾವ ಟೇಪಿನಲ್ಲಿಯೂ ಬಿಟ್ಟುಹೋಗಿರಲಿಲ್ಲ. ಸಂಕಲ್ಪದ ಆ ಏಳೆಂಟು ಪದಗಳು, ಚೊಂಬಿನ ಅಂಚನ್ನು ಹಿಡಿದು ಮೇಲೇಳುವ ಎರಡು ಕೈಗಳು, ಅಷ್ಟೆ. ಆ ಮೇಲೆ ಕಪ್ಪು. ಮಗಳು ಅದನ್ನು ಎಷ್ಟೋ ಸಲ ಹಾಕಿ ನೋಡುತ್ತಿದ್ದಳೆಂದು ಕೇಳಿದೆವು. ನಾವು ಹಣವನ್ನು ತೆಗೆದುಕೊಳ್ಳಲಿಲ್ಲವೆಂಬುದೇನೋ ನಿಜ. ಅದು ಹೇಳಿಕೊಳ್ಳತಕ್ಕ ಮಾತಲ್ಲ.

ಮದುವೆಯ ಮರುದಿನವೇ ತಂದೆಯವರು ಬಂಗಾರಪೇಟೆಗೆ ಬಂದರು. ಬ್ಯಾಟರಿಗೆ ವೋಲ್ಟು ಅಳೆಯುವ ಯಂತ್ರವನ್ನು ಹಚ್ಚಿದರೆ ಮುಳ್ಳು ಹನ್ನೆರಡಕ್ಕೇ ನಿಂತಿತು. ಯಜಮಾನರ ಮುಖದಲ್ಲಿ ಸ್ವಲ್ಪ ಧೈರ್ಯ ಕಂಡಿತು. ತಂದೆಯವರು ಅದೇ ಕಾರಿನ ಬಲ್ಬನ್ನು ಕಟ್ಟಿದರು. ಮುಳ್ಳು ದೊಪ್ಪನೆ ಬಿದ್ದಿತು. “ಅಳಿಯಂದಿರೆ, ಬರಿಗೈಯಲ್ಲಿ ನಿಂತಾಗ ಎಲ್ಲರೂ ಪೈಲ್ವಾನರೇ. ಹೊರೆ ಹೊರಿಸಿ ನೋಡಬೇಕು” ಎಂದರು. ಬೈಯಲಿಲ್ಲ. ನನ್ನ ಕಡೆಗೆ ತಿರುಗಿ, “ಅಮ್ಮಣ್ಣಿ, ನೀನು ದೀಪದ ಕೋಣೆಯವನ ಮಗಳು. ನೀನು ನೋಡುತ್ತಾ ಇದ್ದೆಯಲ್ಲ?” ಎಂದರು. ಆ ರಾತ್ರಿಯಿಂದ ಪೆಟ್ಟಿಗೆಯ ಬೀಗದ ಕೈ ನನ್ನ ಸೆರಗಿಗೆ ಬಂದಿತು.

೨೦೦೧ರ ಫೆಬ್ರವರಿ ೨೮ರಂದು ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯು ಗಣಿಗಳನ್ನು ಮುಚ್ಚಿತು. ಸಾವಿರಾರು ಸಂಸಾರಗಳ ಕಥೆಯನ್ನು ಇಲ್ಲಿ ಹೇಳಲಾರೆ. ಬೆಳಗಿನ ರೈಲುಗಳಲ್ಲಿ ಬೆಂಗಳೂರಿಗೆ ದುಡಿಯಲು ಹೋಗುವ ಆ ಊರಿನ ಜನವನ್ನು ನಮ್ಮ ನಿಲ್ದಾಣದಲ್ಲಿ ಈಗಲೂ ಕಾಣಬಹುದು. ತಾಯಿಯವರು ಅದಕ್ಕೆ ಮುಂಚೆಯೇ ಹೋಗಿದ್ದರು. ತಂದೆಯವರು ಒಂದು ಟ್ರಂಕು, ಒಂದು ವೋಲ್ಟ್ ಮೀಟರು, ಒಂದು ಹೊಸ ಲೆಕ್ಕದ ಪುಸ್ತಕ ಇಷ್ಟನ್ನು ತೆಗೆದುಕೊಂಡು ನಮ್ಮ ಮನೆಗೆ ಬಂದರು. ಅಳಿಯನ ಮನೆಯಲ್ಲಿ ಉಳಿಯುವ ಸಂಕೋಚವನ್ನು ಅವರು ಬ್ಯಾಟರಿಗಳ ಸೇವೆಯಿಂದ ತೀರಿಸಿಕೊಂಡರು. ನನ್ನ ಉಗುರಿನ ಬಣ್ಣದ ಸೀಸೆಯನ್ನು ತೆಗೆದುಕೊಂಡು ಪ್ರತಿಯೊಂದರ ಬೆನ್ನ ಮೇಲೂ ನಂಬರು ಬರೆದರು. ಪೆಟ್ಟಿಗೆಯೊಳಗೆ ಹಲಗೆಗಳನ್ನು ಕೂರಿಸಿ ಒಂದೊಂದಕ್ಕೂ ಒಂದು ಗೂಡು ಮಾಡಿದರು. ತುಂಬಿದುದು ಮುಖ ಮೇಲಾಗಿ, ದಣಿದುದು ಮುಖ ಕೆಳಗಾಗಿ. ಕತ್ತಲೆಯಲ್ಲಿ ಕೈಯಾಡಿಸಿದರೂ ತಿಳಿಯಬೇಕೆಂಬುದು ಅವರ ಹಟ.

ಆದರೆ ಅವರಿಗೂ ಒಂದು ಸೋಲು ಕಾದಿದ್ದಿತು. ಅದನ್ನು ಬರೆಯದಿದ್ದರೆ ಈ ಕಥೆ ಅಪ್ಪನ ಹೊಗಳಿಕೆಯಾಗಿ ನಿಲ್ಲುತ್ತದೆ.

೨೦೦೪ರಲ್ಲಿ ಟೇಪಿನ ಡಿಜಿಟಲ್ ಕ್ಯಾಮರಾ ಬಂದಿತು. ಅದರ ಬ್ಯಾಟರಿ ಲಿಥಿಯಂ ಅಯಾನ್ ಎಂಬ ಮೂರನೆಯ ಜಾತಿ. ಜಪಾನಿನ ಸೋನಿ ಕಂಪೆನಿಯವರು ೧೯೯೧ರಲ್ಲಿ ಇದನ್ನು ಮೊದಲು ಪೇಟೆಗೆ ತಂದರು. ಇದರ ಮೂಲವನ್ನು ಕಂಡುಹಿಡಿದ ಗುಡಿನಫ್, ವಿಟ್ಟಿಂಗ್‌ಹ್ಯಾಮ್, ಯೋಶಿನೋ ಎಂಬ ಮೂವರು ವಿಜ್ಞಾನಿಗಳಿಗೆ ೨೦೧೯ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಹಗುರ, ನಾಜೂಕು, ಹಿಂದಿನ ಇಟ್ಟಿಗೆಯು ಒಂದೂವರೆ ಗಂಟೆ ಕೊಟ್ಟ ಕಡೆ ಇದು ನಾಲ್ಕೈದು ಗಂಟೆ ಕೊಡುತ್ತದೆ. ತಂದೆಯವರು ಇದನ್ನೂ ದೀಪದ ಕೋಣೆಯ ಕ್ರಮದಲ್ಲಿಯೇ ಸಾಕಿದರು: ಬಂದ ಕೂಡಲೆ ಪೂರ್ತಿ ತುಂಬು, ಸದಾ ತುಂಬಿಯೇ ಇಡು. ಆಷಾಢದಲ್ಲಿ, ಪಿತೃಪಕ್ಷದಲ್ಲಿ, ಧನುರ್ಮಾಸದಲ್ಲಿ ಮದುವೆಗಳಿಲ್ಲವಷ್ಟೆ. ಆ ವಾರಗಳೆಲ್ಲ ಬ್ಯಾಟರಿಗಳು ಹೊಟ್ಟೆ ಬಿರಿಯ ತುಂಬಿಕೊಂಡು, ತಗಡಿನ ಮಾಡಿನ ಕೆಳಗಿನ ಬಿಸಿಯ ಕೋಣೆಯಲ್ಲಿ ಕುಳಿತುವು. ಎರಡೇ ವರ್ಷದಲ್ಲಿ ನಾಲ್ಕೈದು ಗಂಟೆಯದು ಎರಡೂವರೆ ಗಂಟೆಗೆ ಇಳಿಯಿತು.

ತಂದೆಯವರು ಮೊದಲು ಬ್ಯಾಟರಿಯನ್ನು ಬೈದರು. ಆ ಮೇಲೆ ಚಾರ್ಜರನ್ನು ಬೈದರು. ಕಡೆಗೆ ಕ್ಯಾಮರಾದೊಡನೆ ಬಂದ ಪುಸ್ತಕವನ್ನು ನನ್ನ ಮಗನಿಂದ ಓದಿಸಿ ಅರ್ಥ ಹೇಳಿಸಿಕೊಂಡರು. ಲಿಥಿಯಂ ಬ್ಯಾಟರಿಗೆ ಹಸಿವೂ ಆಗದು, ಅತಿತೃಪ್ತಿಯೂ ಆಗದು. ಎಲ್ಲಕ್ಕಿಂತ ಹೆಚ್ಚಾಗಿ ಸೆಕೆಯಾಗದು. ಕೆಲಸವಿಲ್ಲದ ದಿನಗಳಲ್ಲಿ ಅರ್ಧದಷ್ಟು ತುಂಬಿ ತಣ್ಣಗಿರುವ ಒಣ ಜಾಗದಲ್ಲಿ ಇಟ್ಟರೆ ವರ್ಷಗಟ್ಟಲೆ ಬಾಳುತ್ತದೆ. ಖಾಲಿ ಮಾಡಿ ತುಂಬಬೇಕೆಂಬ ನೆನಪಿನ ಶಾಸ್ತ್ರ ಇದಕ್ಕಿಲ್ಲ. ಮೊದಲ ಸಲ ಹನ್ನೆರಡು ಗಂಟೆ ಚಾರ್ಜು ಮಾಡಬೇಕೆಂಬ ಮಾತೂ ಹಳೆಯ ಜಾತಿಯದೇ. ಇದನ್ನೆಲ್ಲ ಕೇಳಿ ಅವರು ಬಹಳ ಹೊತ್ತು ಸುಮ್ಮನಿದ್ದರು. ಮೂವತ್ತೇಳು ವರ್ಷ ಕೈಯಲ್ಲಿ ಆಡಿದ ನಿಯಮ. ಮರುದಿನ ಬೆಳಿಗ್ಗೆ ಲೆಕ್ಕದ ಪುಸ್ತಕದಲ್ಲಿ ಒಂದು ಹೊಸ ಪುಟವನ್ನು ತೆರೆದು, ಮೇಲೆ ‘ಅರ್ಧ’ ಎಂದು ದೊಡ್ಡದಾಗಿ ಬರೆದು, ಅದರ ಕೆಳಗೆ ಎರಡು ಗೆರೆ ಎಳೆದಿದ್ದರು. ಆಗ ಅವರಿಗೆ ಅರುವತ್ತೆರಡು.

ಪೆಟ್ಟಿಗೆಯು ತಗಡಿನ ಕೋಣೆಯಿಂದ ನಡುಮನೆಗೆ ಬಂದಿತು. ನಡುವೆ ಕೆಲವು ದಿನ ಫ್ರಿಜ್ಜಿನಲ್ಲಿಯೂ ಇಟ್ಟೆವು. ಮೊಸರಿನ ಪಕ್ಕದಲ್ಲಿ ಇದೇನು ಅನಾಚಾರ ಎಂದು ಅತ್ತೆಯವರು ಸಿಡುಕಿದರು. ಅವರ ಕಾರಣ ಮಡಿ. ಆದರೆ ಫಲ ಒಳ್ಳೆಯದೇ ಆಯಿತು, ಏಕೆಂದರೆ ತಣ್ಣನೆಯ ಬ್ಯಾಟರಿಯನ್ನು ಹೊರಗೆ ತೆಗೆದ ಕೂಡಲೆ ಅದರ ಮೈಮೇಲೆ ಮಂಜು ಕೂರುತ್ತದೆ, ತೇವವು ತುದಿಗಳಿಗೆ ಕೆಟ್ಟದ್ದು.

ಈಗ ನಾನು ನಡೆಸಿಕೊಂಡು ಬಂದಿರುವ ಕ್ರಮವನ್ನು ಕೇಳುವವರಿಗಾಗಿ ಹೇಳುತ್ತೇನೆ. ಮುಹೂರ್ತದ ಹಿಂದಿನ ಸಂಜೆ ಎಲ್ಲವನ್ನೂ ಪೂರ್ತಿ ತುಂಬುವುದು, ವಾರ ಮೊದಲೇ ಅಲ್ಲ. ಕೆಲವು ಚಾರ್ಜರುಗಳಲ್ಲಿ ದೀಪವು ಬದಲಾದ ಮೇಲೂ ಇನ್ನೊಂದು ಗಂಟೆ ಬಿಟ್ಟರೆ ಕಡೆಯ ಪಾಲೂ ತುಂಬುತ್ತದೆ. ಕಾರಿನೊಳಗೆ ಬಿಸಿಲಿನಲ್ಲಿ ಚೀಲವನ್ನು ಬಿಟ್ಟುಹೋಗಲು ನಾನು ಯಾರಿಗೂ ಅಪ್ಪಣೆ ಕೊಡುವುದಿಲ್ಲ, ಗಂಡನಿಗೂ ಸಹ. ತುದಿಯ ಲೋಹವನ್ನು ಒಣ ಬಟ್ಟೆಯಿಂದ ಒರಸಿ, ಪ್ಲಾಸ್ಟಿಕ್ ಮುಚ್ಚಳ ಹಾಕದೆ ಹೊರಗೆ ಕಳುಹಿಸುವುದಿಲ್ಲ. ಚೀಲದಲ್ಲಿ ಬೀಗದ ಕೈ, ಚಿಲ್ಲರೆ, ಪಿನ್ನುಗಳೊಡನೆ ಬೆರೆತರೆ ಅದು ಕಾದು ಹೊತ್ತಿಕೊಳ್ಳುವ ಭಯವುಂಟು. ವರ್ಷಕ್ಕೊಮ್ಮೆ, ಆಷಾಢದಲ್ಲಿ, ಪ್ರತಿಯೊಂದನ್ನೂ ತುಂಬಿ ಕ್ಯಾಮರಾಕ್ಕೆ ಹಾಕಿ ಗಡಿಯಾರದ ಮುಂದೆ ಓಡಿಸಿ, ಎಷ್ಟು ಹೊತ್ತು ನಡೆಯಿತೆಂದು ಬರೆಯುತ್ತೇನೆ. ಹೊರೆ ಹೊರಿಸಿ ನೋಡುವುದೆಂದರೆ ಇದೇ. ಹೊಸತಾಗಿದ್ದಾಗ ಕೊಟ್ಟುದರ ಮೂರರಲ್ಲಿ ಎರಡು ಪಾಲಿಗಿಂತ ಇಳಿದುದಕ್ಕೆ ಮುಹೂರ್ತದ ಭಾಗ್ಯವಿಲ್ಲ. ಅದು ಚಪ್ಪರದ ದಿನದ ಕೆಲಸಕ್ಕೆ, ಇಲ್ಲವೆ ಸಣ್ಣ ದೀಪವುರಿಸಲು. ಹೊಟ್ಟೆಯುಬ್ಬಿದುದನ್ನು ಮಾತ್ರ ಒಂದು ಗಳಿಗೆಯೂ ಇಟ್ಟುಕೊಳ್ಳಬಾರದು, ಕಸಕ್ಕೂ ಎಸೆಯಬಾರದು. ೨೦೨೨ರ ನಿಯಮಗಳಂತೆ ಹಳೆಯ ಬ್ಯಾಟರಿಯನ್ನು ಹಿಂದಕ್ಕೆ ಪಡೆಯುವ ಹೊಣೆ ತಯಾರಿಸಿದವರದು.

ಲೆಕ್ಕವೂ ಕಷ್ಟದ್ದಲ್ಲ. ವೋಲ್ಟನ್ನು ಆಂಪಿಯರ್-ಗಂಟೆಯಿಂದ ಗುಣಿಸಿದರೆ ಬ್ಯಾಟರಿಯ ಚೀಲದಲ್ಲಿ ಎಷ್ಟು ವ್ಯಾಟ್-ಗಂಟೆಯ ದವಸವಿದೆಯೆಂದು ತಿಳಿಯುತ್ತದೆ: ೭.೨ ವೋಲ್ಟು, ೬.೬ ಆಂಪಿಯರ್-ಗಂಟೆ ಎಂದರೆ ಸುಮಾರು ೪೭. ಕ್ಯಾಮರಾ ಗಂಟೆಗೆ ೭ ತಿಂದರೆ ಕಾಗದದ ಮೇಲೆ ಆರೂವರೆ ಗಂಟೆ. ಮಂಟಪದಲ್ಲಿ ಐದೆಂದು ಹಿಡಿಯಬೇಕು. ಪಕ್ಕಕ್ಕೆ ಬಿಚ್ಚುವ ಪರದೆಯನ್ನು ಮುಚ್ಚಿ ಕಣ್ಣಿನ ಕಿಂಡಿಯಲ್ಲಿ ನೋಡಿದರೆ ಸ್ವಲ್ಪ ಉಳಿತಾಯ. ಸುಮ್ಮಸುಮ್ಮನೆ ಜೂಮು ಎಳೆದಾಡುವುದು ಬ್ಯಾಟರಿಗೂ ನೋಡುವವರಿಗೂ ಹಿಂಸೆ. ಕ್ಯಾಮರಾದ ತಲೆಯ ಮೇಲಿನ ದೀಪವೊಂದೇ ಹನ್ನೆರಡು ವ್ಯಾಟು ತಿನ್ನಬಲ್ಲುದು, ಆದುದರಿಂದ ಅದಕ್ಕೆ ಬೇರೆ ಬ್ಯಾಟರಿ. ಟೇಪಿನ ಕಾಲದಲ್ಲಿ ಐದು ನಿಮಿಷದ ವಿರಾಮಕ್ಕೆಲ್ಲ ಆರಿಸಿ ಹೊತ್ತಿಸಿದರೆ ಟೇಪನ್ನು ಒಳಗೆ ಹೊರಗೆ ಎಳೆಯುವ ಕೆಲಸಕ್ಕೇ ಶಕ್ತಿ ಹೋಗುತ್ತಿದ್ದಿತು. ಈಗ ಆ ಚಿಂತೆಯಿಲ್ಲ. ಆದರೆ ಈಗಿನ ದೊಡ್ಡ ಕ್ಯಾಮರಾಗಳ ಹಸಿವೂ ದೊಡ್ಡದು, ೧೪.೪ ವೋಲ್ಟಿನ ಬ್ಯಾಟರಿಯನ್ನೇ ಬೇಡುತ್ತವೆ.

ಅಗ್ಗದ ಬ್ಯಾಟರಿಯ ವಿಷಯ ಒಂದು ಮಾತು. ಒಮ್ಮೆ ಯಜಮಾನರು ಯಾರಲ್ಲೋ ಅರ್ಧ ಬೆಲೆಗೆ ಎರಡನ್ನು ತಂದರು. ಮೇಲೆ ಬರೆದ ಅಂಕಿ ನಮ್ಮ ಅಸಲಿಗಿಂತಲೂ ದೊಡ್ಡದು. ತಂದೆಯವರು ಅಡಿಗೆಯ ತಕ್ಕಡಿಯನ್ನು ತರಿಸಿ ಎರಡನ್ನೂ ತೂಗಿದರು. ಅದೇ ಗಾತ್ರದ ಅಸಲು ಮುನ್ನೂರು ಗ್ರಾಮಿನ ಸಮೀಪವಿದ್ದಿತು. ಇದು ಅದಕ್ಕಿಂತ ಎಷ್ಟೋ ಕಡಮೆ. “ಚಿನ್ನದ ಊರಿನವನಿಗೆ ತೂಕದಲ್ಲಿ ಮೋಸ ಮಾಡುತ್ತಾನಲ್ಲ!” ಎಂದು ಅವರು ಮನಸಾರ ನಕ್ಕುದನ್ನು ನಾನು ನೋಡಿದ್ದು ಆ ದಿನವೇ, ಗಣಿ ಮುಚ್ಚಿದ ಮೇಲೆ ಮೊದಲ ಸಲ.

೨೦೧೯ರಲ್ಲಿ ಅವರು ಹೋದರು. ಪುಸ್ತಕದಲ್ಲಿ ಅವರ ಅಕ್ಷರ ಮುಗಿದ ಕಡೆ ನನ್ನದು ಆರಂಭವಾಗುತ್ತದೆ. ನಡುವೆ ಹನ್ನೊಂದು ದಿನದ ಸಾಲುಗಳು ಖಾಲಿ.

೨೦೨೨ರಲ್ಲಿ ಚಾಂಪಿಯನ್ ರೀಫಿನ ಆ ಹೆಣ್ಣು ನಮ್ಮ ಮನೆಗೆ ಬಂದಳು. ಅವಳ ಮಗಳಿಗೆ ಮದುವೆ ಗೊತ್ತಾಗಿದ್ದಿತು, ಬಂಗಾರಪೇಟೆಯ ಛತ್ರದಲ್ಲಿಯೇ. ಊರಿನಲ್ಲಿ ನಮಗಿಂತ ದೊಡ್ಡ ಸ್ಟುಡಿಯೋಗಳಿವೆ, ಡ್ರೋನು ಹಾರಿಸುವವರಿದ್ದಾರೆ. ಅವಳು ಕಾಫಿಯನ್ನು ಕುಡಿದು ಲೋಟವನ್ನು ಕೆಳಗಿಟ್ಟು, “ಅಣ್ಣಾ, ನೀವೇ ಬರಬೇಕು. ನಮ್ಮ ಯಜಮಾನರು ಧಾರೆಯೆರೆಯುವುದು ಪೂರ್ತಿ ಬರಲಿ” ಎಂದಳು. ನಗುತ್ತಲೇ ಹೇಳಿದಳು. ಯಜಮಾನರು ತಲೆಯೆತ್ತಲಿಲ್ಲ.

ನಾನೂ ಹೋದೆನು. ಮಂಟಪದ ಕಂಬದ ಹಿಂದೆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆನು. ಎರಡು ಕ್ಯಾಮರಾ, ಆರು ಬ್ಯಾಟರಿ. ಪುರೋಹಿತರು ಸಂಕಲ್ಪಕ್ಕೆ ನೀರು ಕೇಳಿದರು. ಎರಡೂ ಕ್ಯಾಮರಾಗಳಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿದ್ದಿತು. ಆದರೂ ನಾನು ಎದ್ದು ಹೋಗಿ ಎರಡಕ್ಕೂ ಹೊಸದನ್ನು ಕೊಟ್ಟೆನು, ಒಂದಾದ ಮೇಲೆ ಒಂದು, ಹತ್ತು ಸೆಕೆಂಡು ಹಿಡಿಯಲಿಲ್ಲ. ಕರೆಂಟು ಆ ದಿನ ಹೋಗಲೇ ಇಲ್ಲ. ಹುಡುಗಿಯ ತಂದೆ ಚೊಂಬನ್ನೆತ್ತಿ ನೀರನ್ನು ಬಿಟ್ಟರು, ನೀರು ಕೈಗಳ ಮೇಲಿಂದ ಹರಿದು ತಟ್ಟೆಗೆ ಬಿದ್ದಿತು, ಗಟ್ಟಿಮೇಳವಾಯಿತು, ಅಕ್ಷತೆ ಬಿದ್ದಿತು. ಅವಳು ಮಂಟಪದ ಮೇಲಿನಿಂದ ಒಮ್ಮೆ ಯಜಮಾನರ ಕಡೆಗೆ ನೋಡಿದಳು. ಅವರು ಕಿಂಡಿಯಿಂದ ಕಣ್ಣು ತೆಗೆಯದೆ ಎಡಗೈಯನ್ನು ಸ್ವಲ್ಪ ಎತ್ತಿ ತೋರಿಸಿದರು.

ರಾತ್ರಿ ಮನೆಗೆ ಬಂದು ಪೆಟ್ಟಿಗೆಯನ್ನು ತೆರೆದರೆ ಐದೇ ಇದ್ದುವು. ನಾಲ್ಕನೆಯ ಗೂಡು ಖಾಲಿ. ಎಲ್ಲಿಯೋ ಇರುತ್ತದೆ, ಬೆಳಿಗ್ಗೆ ನೋಡೋಣ ಎಂದು ಯಜಮಾನರು ಹೇಳಿದರು. ನಾನು ಮಾತನಾಡದೆ ಅಲ್ಲಿಯೇ ಕುಳಿತೆನು. ಅವರು ನನ್ನ ಮುಖವನ್ನು ನೋಡಿ ಫೋನು ಮಾಡಿದರು. ಎರಡನೆಯ ಕ್ಯಾಮರಾ ಹಿಡಿದಿದ್ದ ನಮ್ಮ ಭಾವನವರ ಮಗ ಆಗಲೇ ಊರಗಾಮಿನ ತನ್ನ ಮನೆಯನ್ನು ಸೇರಿದ್ದನು. ಷರಾಯಿಯ ಜೇಬಿನಲ್ಲಿ, ಸ್ಕೂಟರಿನ ಬೀಗದ ಕೈಯೊಡನೆಯೇ ಅದು ಸಿಕ್ಕಿತು. ಪುಣ್ಯಕ್ಕೆ ಮುಚ್ಚಳ ಹಾಕಿದ್ದಿತು. “ಚಿಕ್ಕಮ್ಮ, ಈಗಲೇ ಬೇಕೆ?” ಎಂದು ಕೇಳಿದನು. ಬೇಕೆಂದೆನು. ಹನ್ನೊಂದೂವರೆಗೆ ಬಂದು ಬಾಗಿಲು ತಟ್ಟಿದನು. ಅವನಿಗೆ ಒಂದು ಲೋಟ ಮಜ್ಜಿಗೆ ಕೊಟ್ಟು, ಬ್ಯಾಟರಿಯನ್ನು ಒರಸಿ ನಾಲ್ಕನೆಯ ಗೂಡಿನಲ್ಲಿ ಮುಖ ಕೆಳಗಾಗಿ ಇಟ್ಟು, ಪುಸ್ತಕದಲ್ಲಿ ಅದರ ಎದುರಿಗೆ ಗುರುತು ಹಾಕಿ, ದೀಪವನ್ನು ಆರಿಸಿದೆನು.